ಅಗಸ್ತ್ಯಕೂಡಂ: ಮುಂದೆ ನಡೆದವರ ಬೆಟ್ಟ

ತಿರುವನಂತಪುರದ ಉಳ್ಳೂರಿನಲ್ಲಿ ಡಿಸೆಂಬರ್ ಕೊನೆಯ ಬೆಳಗುಗಳು ತಿಳಿಯಾಗಿರುತ್ತವೆ. ಹಿಂಗಾರು ಮಳೆ ಸುರಿದು ಹೋಗಿ ಗಾಳಿಯಲ್ಲಿ ಧೂಳು ಉಳಿದಿರುವುದಿಲ್ಲ. ಕೆಳಗೆ ಮೆಡಿಕಲ್ ಕಾಲೇಜಿನ ಕಡೆ ಓಡುವ ಆಂಬುಲೆನ್ಸ್‌ಗಳ ಸದ್ದು ಆಗಲೇ ಶುರುವಾಗಿತ್ತು. ಉಳಿದುಕೊಂಡಿದ್ದ ಮನೆಯ ತಾರಸಿಗೆ ಒದ್ದೆ ಬಟ್ಟೆ ಹರವಲು ಹೋದಾಗ ಪೂರ್ವದ ಕಡೆ ಕಣ್ಣು ಹೋಯಿತು. ತೆಂಗಿನ ಗರಿಗಳ ಮೇಲೆ ಸಹ್ಯಾದ್ರಿಯ ನೀಲಿ ಸಾಲು, ಆ ಸಾಲಿನಲ್ಲಿ ಮಿಕ್ಕವುಗಳ ಸಹವಾಸ ಬೇಡವೆಂಬಂತೆ ಬೇರೆಯೇ ಎದ್ದು ನಿಂತ ಒಂದು ಚೂಪು ಶಿಖರ. “ಅದೇ ಅಗಸ್ತ್ಯಕೂಡಂ” ಎಂದರು ಮನೆಯ ಯಜಮಾನರು. ಆಮೇಲೆ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಕೈಯಿಟ್ಟು, “ಇದರೊಳಗಿರುವುದೂ ಅಲ್ಲಿಯದೇ” ಎಂದರು.

ಅವರು ಹೇಳಿದ್ದು ಅಲಂಕಾರದ ಮಾತಲ್ಲ. ಅಗಸ್ತ್ಯಮಲೆಯ ಸಾಲಿನಲ್ಲಿ ಹುಟ್ಟುವ ಕರಮನ ಹೊಳೆಗೆ ಮೇಲೆ ಪೇಪ್ಪಾರದಲ್ಲೂ ಕೆಳಗೆ ಅರುವಿಕ್ಕರದಲ್ಲೂ ಅಣೆಕಟ್ಟು ಕಟ್ಟಿದ್ದಾರೆ. ತಿರುವನಂತಪುರ ಕುಡಿಯುವುದು ಆ ನೀರನ್ನು. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ನೆಯ್ಯಾರ್ ಇಳಿಯುತ್ತದೆ. ತಮಿಳುನಾಡಿನ ಕಡೆಯಿಂದ ತಾಮ್ರಪರ್ಣಿ ಹರಿದು ತಿರುನೆಲ್ವೇಲಿಯ ಗದ್ದೆಗಳನ್ನು ನೆನೆಸಿಕೊಂಡು ಮನ್ನಾರ್ ಕೊಲ್ಲಿ ಸೇರುತ್ತದೆ. ಉಳ್ಳೂರಿನಿಂದ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಶಿಖರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಒಂದು ರಾಜಧಾನಿಯ ಇಷ್ಟು ಹತ್ತಿರದಲ್ಲಿ ಇಷ್ಟು ದಟ್ಟ ಕಾಡಿನ, ಇಷ್ಟು ಹಳೆಯ ಹೆಸರಿನ ಬೆಟ್ಟ ಉಳಿದಿರುವುದು ದೊಡ್ಡ ಭಾಗ್ಯ.

ಎತ್ತರ 1868 ಮೀಟರ್. ಕೇರಳದಲ್ಲಿ ಇದನ್ನು ರಾಜ್ಯದ ಎರಡನೆಯ ಅತಿ ಎತ್ತರದ ಶಿಖರ ಎಂದು ಹೇಳುವವರು ಬಹಳ. ಅದು ಸರಿಯಲ್ಲ. 2695 ಮೀಟರಿನ ಆನಮುಡಿಯ ನಂತರ ಮೀಶಪುಲಿಮಲೆಯಂಥ ಎರಡೂವರೆ ಸಾವಿರ ಮೀಟರ್ ದಾಟಿದ ಶಿಖರಗಳು ಮೂನ್ನಾರ್ ಸುತ್ತಲೇ ಇವೆ. ನಮ್ಮ ಮುಳ್ಳಯ್ಯನಗಿರಿ ಕೂಡ ಅಗಸ್ತ್ಯಕೂಡಕ್ಕಿಂತ ತುಸು ಎತ್ತರ. ಆದರೆ ಮುಳ್ಳಯ್ಯನಗಿರಿಗೆ ಹೊರಡುವವರು ಚಿಕ್ಕಮಗಳೂರಿನ ಘಟ್ಟದಲ್ಲಿ ನಿಂತೇ ಹೊರಡುತ್ತಾರೆ, ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಅಗಸ್ತ್ಯಕೂಡ ಹಾಗಲ್ಲ. ಅದು ಕರಾವಳಿಯ ಬಯಲಿನಿಂದ ಹೆಚ್ಚುಕಡಿಮೆ ಒಂದೇ ಉಸಿರಿಗೆ ಏಳುತ್ತದೆ. ಹತ್ತಿದರೆ ಹೇಗಿರುತ್ತದೆ ಎಂದು ಕೇಳುವ ಕನ್ನಡದ ಚಾರಣಿಗರಿಗೆ ನಾನು ಮುಳ್ಳಯ್ಯನಗಿರಿಯ ಹೆಸರು ಹೇಳುವುದಿಲ್ಲ, ಕುಕ್ಕೆಯಿಂದ ಕುಮಾರಪರ್ವತ ನೆನಪಿಸಿಕೊಳ್ಳಿ ಎನ್ನುತ್ತೇನೆ.

ಈ ಬೆಟ್ಟವನ್ನು ಮೊದಲು ಹತ್ತಿದವರು ಯಾರು? ಪರ್ವತದ ಚರಿತ್ರೆ ಬರೆಯಲು ಕೂತವರ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಆಲ್ಪ್ಸ್‌ನ ಮಾಂಟ್ ಬ್ಲಾಂಕ್‌ಗೆ ಅದಕ್ಕೊಂದು ದಿನಾಂಕವೇ ಇದೆ, 1786ರ ಆಗಸ್ಟ್ 8. ಆನಮುಡಿಗೂ ಇದೆ: ಮದ್ರಾಸ್ ಸೇನೆಯ ಡಗ್ಲಸ್ ಹ್ಯಾಮಿಲ್ಟನ್ 1862ರ ಮೇ 4ರಂದು ಹತ್ತಿದ್ದು ದಾಖಲೆಯಲ್ಲಿರುವ ಮೊದಲ ಆರೋಹಣ. ಆ ಸುತ್ತಿನ ಕಾಡಿನಲ್ಲೇ ಹುಟ್ಟಿ ಬೆಳೆದವರು ಅದಕ್ಕೆ ಮುಂಚೆ ಹತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಹತ್ತಿದ್ದನ್ನು ಬರೆದಿಡಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ, ಅಷ್ಟೆ. ಮಾಂಟ್ ಬ್ಲಾಂಕ್ ಏರಿದ ಇಬ್ಬರಲ್ಲಿ ಮಿಷೆಲ್ ಪಕ್ಕಾರ್ ವೈದ್ಯ, ಜಾಕ್ ಬಾಲ್ಮಾ ಅದೇ ಕಣಿವೆಯಲ್ಲಿ ಸ್ಫಟಿಕ ಹುಡುಕಿ ಹೊಟ್ಟೆ ಹೊರೆಯುತ್ತಿದ್ದವನು. ಅಗಸ್ತ್ಯಕೂಡಕ್ಕೆ ಮೊದಲ ಆರೋಹಣದ ದಿನಾಂಕ ಇಲ್ಲದಿರುವುದು ನನಗೆ ಕೊರತೆಯಾಗಿ ಕಾಣುವುದಿಲ್ಲ. ಇದನ್ನು ಹತ್ತಿದೆವೆಂದು ಬರೆದಿಟ್ಟ ಪ್ರತಿಯೊಬ್ಬರ ಮುಂದೆಯೂ, ಹತ್ತು ಹೆಜ್ಜೆ ದೂರದಲ್ಲಿ, ಕತ್ತಿ ಹಿಡಿದು ಬಳ್ಳಿ ಸವರುತ್ತಾ ಒಬ್ಬ ಕಾಣಿ ನಡೆಯುತ್ತಿದ್ದ. ಬೆಟ್ಟದ ನಿಜವಾದ ಚರಿತ್ರೆ ಆ ಹತ್ತು ಹೆಜ್ಜೆಯಲ್ಲಿದೆ.

ಕಾಣಿಗಳು, ಕಾಣಿಕ್ಕಾರರು ಎಂದರೂ ಅವರೇ, ಅಗಸ್ತ್ಯಮಲೆಯ ಎರಡೂ ಮಗ್ಗುಲಿನ ಆದಿವಾಸಿಗಳು. ಊರಿಗೊಬ್ಬ ಮೂಪ್ಪನ್, ಮದ್ದು ಮಂತ್ರ ಬಲ್ಲ ಪ್ಲಾತ್ತಿ, ಕೊಕ್ಕರ ಎಂಬ ಕಬ್ಬಿಣದ ವಾದ್ಯವನ್ನು ಉಜ್ಜಿ ನಾದ ಹೊರಡಿಸುತ್ತಾ ಇರುಳಿಡೀ ಹಾಡುವ ಚಾಟ್ಟುಪಾಟ್ಟು. ಅಗಸ್ತ್ಯರು ಅವರಿಗೆ ಪುರಾಣದ ಋಷಿಯಲ್ಲ, ಮೇಲೆ ಕೂತಿರುವ ಮನೆಯ ಹಿರಿಯ.

ಕನ್ನಡಿಗರಿಗೂ ಅಗಸ್ತ್ಯರು ಹೊರಗಿನವರಲ್ಲ. ಕಾವೇರಿ ಹುಟ್ಟಿದ್ದು ಅವರ ಕಮಂಡಲದಿಂದ ಎಂದು ತಲಕಾವೇರಿಯಲ್ಲಿ ಕೇಳಿಯೇ ಬೆಳೆದವರು ನಾವು. ವಿಂಧ್ಯವನ್ನು ತಗ್ಗಿಸಿ ದಕ್ಷಿಣಕ್ಕೆ ಬಂದ ಋಷಿ ನಮ್ಮ ನಾಡನ್ನು ದಾಟಿ, ಸಹ್ಯಾದ್ರಿಯ ತುದಿಗೆ ಹೋಗಿ ಕುಳಿತದ್ದು ಇಲ್ಲಿ. ನಮ್ಮ ಕಾವ್ಯಗಳಲ್ಲಿ ಬೀಸುವ ಮಲಯ ಮಾರುತ ಹೊರಡುವುದೂ ಈ ದಕ್ಷಿಣದ ಮಲೆಗಳಿಂದಲೇ. ಮಲಯ ಎಂಬುದು ಮಲೆ ಎಂಬ ನಮ್ಮದೇ ಮಾತಿಗೆ ಸಂಸ್ಕೃತ ತೊಡಿಸಿದ ಅಂಗಿ. ತಮಿಳರು ಇದನ್ನು ಪೊದಿಗೈ ಎಂದರು. ಅವರಿಗೆ ಅಗಸ್ತ್ಯ ವ್ಯಾಕರಣ ಕೊಟ್ಟ ಗುರು.

ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ಕಾಲಕ್ಕೆ ನಮ್ಮ ನಾಡಿಗೆ ಬಂದ ಹ್ಯೂಯೆನ್‌ತ್ಸಾಂಗ್ ಹೆಸರು ಶಾಲೆಗೆ ಹೋದ ಯಾರಿಗೂ ಮರೆತಿರಲಿಕ್ಕಿಲ್ಲ. ಆತ ದಕ್ಷಿಣದ ಕೊನೆಯಲ್ಲಿ ಮಲಯ ಪರ್ವತವನ್ನೂ ಅದರ ಪೂರ್ವಕ್ಕೆ ಪೋತಲಕ ಎಂಬ ಬೆಟ್ಟವನ್ನೂ ಹೇಳುತ್ತಾನೆ. ಕಡಿದಾದ ಕಣಿವೆ, ಅಪಾಯದ ಹಾದಿ, ಮೇಲೆ ಕನ್ನಡಿಯಂಥ ಕೊಳ, ಅದರ ಬಳಿ ಬೋಧಿಸತ್ತ್ವ ಅವಲೋಕಿತೇಶ್ವರನ ನೆಲೆ. ದರ್ಶನಕ್ಕೆಂದು ಪ್ರಾಣದ ಹಂಗು ತೊರೆದು ಹೊರಡುವವರು ಇದ್ದರೂ ತುದಿ ಮುಟ್ಟುವವರು ತೀರ ಕಡಿಮೆ ಎಂದು ಅವನ ವರದಿ. ಆತ ಸ್ವತಃ ಅಲ್ಲಿಗೆ ಹೋಗಿರಲಿಲ್ಲ, ಕೇಳಿದ್ದನ್ನು ಬರೆದ. ಪೋತಲಕ ಎಂದರೆ ಈ ಪೊದಿಗೈ ಬೆಟ್ಟವೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ, ನನಗೂ ಅದು ಒಪ್ಪುವ ಮಾತು. ಹಾಗಾದರೆ ಈ ಬೆಟ್ಟದ ಆರೋಹಣದ ಬಗ್ಗೆ ನಮಗೆ ಸಿಗುವ ಬಹು ಹಳೆಯ ಬರಹಗಳಲ್ಲಿ ಒಂದು ಚೀನೀ ಭಾಷೆಯಲ್ಲಿದೆ. ಟಿಬೆಟ್ಟಿನ ಲಾಸಾದಲ್ಲಿರುವ ಪೋತಲ ಅರಮನೆಗೆ ಹೆಸರು ಬಂದದ್ದು ಈ ಪೋತಲಕದಿಂದ. ಹಿಮಾಲಯದ ಆಚೆಯವರು ತಮ್ಮ ಅತಿ ದೊಡ್ಡ ಕಟ್ಟಡಕ್ಕೆ ದಕ್ಷಿಣ ಭಾರತದ ಬೆಟ್ಟವೊಂದರ ಹೆಸರಿಟ್ಟುಕೊಂಡರು. ಅದೇ ಅವಲೋಕಿತೇಶ್ವರ ಲೋಕೇಶ್ವರನೆಂಬ ಹೆಸರಿನಲ್ಲಿ ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ ಕೂತಿದ್ದಾನೆ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ ಕಂಚಿನ ಮೂರ್ತಿ. ಕದ್ರಿಗೆ ಹೋದಾಗ ಒಂದು ಗಳಿಗೆ ನಿಂತು ನೋಡಿ, ದಕ್ಷಿಣದ ಈ ಬೆಟ್ಟದ ನೆಂಟ ಅವನು.

ಇನ್ನು ದಿನಾಂಕವಿರುವ ಕಥೆ. 1816ರಿಂದ 1820ರವರೆಗೆ ಬೆಂಜಮಿನ್ ವಾರ್ಡ್ ಮತ್ತು ಪೀಟರ್ ಕಾನರ್ ತಿರುವಾಂಕೂರು, ಕೊಚ್ಚಿ ಎರಡೂ ಸಂಸ್ಥಾನಗಳನ್ನು ಮೋಜಣಿ ಮಾಡಿದರು. ನಕ್ಷೆ ತಯಾರಾಯಿತು. 1837ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ತಿರುವನಂತಪುರದಲ್ಲಿ ವೀಕ್ಷಣಾಲಯ ಕಟ್ಟಿಸಿದರು. ಅದರ ಮೊದಲ ನಿರ್ದೇಶಕ ಜಾನ್ ಕಾಲ್ಡೆಕಾಟ್. ಸಂಗೀತದ ರಾಜನೆಂದೇ ನಾವು ಬಲ್ಲ ಸ್ವಾತಿ ತಿರುನಾಳರಿಗೆ ನಕ್ಷತ್ರಗಳ ಮೇಲೂ ಅಷ್ಟೇ ಆಸ್ಥೆ ಇತ್ತು. ಕಾಲ್ಡೆಕಾಟ್ 1849ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ 1852ರಲ್ಲಿ ಬಂದವರು ಸ್ಕಾಟ್ಲೆಂಡಿನ ಜಾನ್ ಅಲನ್ ಬ್ರೌನ್.

ಬ್ರೌನರ ಹುಚ್ಚು ಭೂಮಿಯ ಕಾಂತಶಕ್ತಿ. ದಿಕ್ಸೂಚಿಯ ಮುಳ್ಳು ಉತ್ತರ ತೋರಿಸುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಸೂಕ್ಷ್ಮವಾಗಿ ನೋಡಿದರೆ ಆ ಮುಳ್ಳು ದಿನವಿಡೀ ಕೂದಲೆಳೆಯಷ್ಟು ಅಲುಗಾಡುತ್ತಲೇ ಇರುತ್ತದೆ. ಬೆಳಗ್ಗೆ ಒಂದು ಕಡೆಗೆ, ಮಧ್ಯಾಹ್ನದ ಮೇಲೆ ಇನ್ನೊಂದು ಕಡೆಗೆ. ಯಾಕೆ? ನೆಲದೊಳಗಿನ ಕಾರಣವೋ, ಆಕಾಶದ ಕಾರಣವೋ? ಸಮುದ್ರಮಟ್ಟದ ಹತ್ತಿರ ಒಂದು ಸೂಜಿ, ಆರು ಸಾವಿರ ಅಡಿ ಮೇಲೆ ಇನ್ನೊಂದು ಸೂಜಿ ಇಟ್ಟು ಒಂದೇ ಹೊತ್ತಿಗೆ ನೋಡಿದರೆ ಎತ್ತರದಿಂದ ಆಗುವ ವ್ಯತ್ಯಾಸವಾದರೂ ತಿಳಿದೀತು. ಗಾಳಿಯ ಒತ್ತಡವನ್ನೂ ಹಾಗೆಯೇ ಹೋಲಿಸಬಹುದು. ತಿರುವನಂತಪುರದ ವೀಕ್ಷಣಾಲಯದ ಎದುರಿಗೇ ಅಂಥ ಬೆಟ್ಟ ನಿಂತಿದೆ. ಬ್ರೌನ್ ಉತ್ರಂ ತಿರುನಾಳ್ ಮಹಾರಾಜರ ಕಾಲದಲ್ಲಿ ಅಗಸ್ತ್ಯಕೂಡದ ಮೇಲೆ ವೀಕ್ಷಣಾಲಯ ಕಟ್ಟಿಸಲು ಹೊರಟರು. 1855ರಲ್ಲಿ ಅದು ಎದ್ದು ನಿಂತಿತು. ಎರಡೂ ವೀಕ್ಷಣಾಲಯಗಳ ಬಗ್ಗೆ ಅವರು ಬರೆದ ವರದಿ 1857ರಲ್ಲಿ ತಿರುವನಂತಪುರದಲ್ಲೇ ಅಚ್ಚಾಯಿತು.

ಈಗ ಬರಿಗೈಯಲ್ಲಿ ಹತ್ತುವವರಿಗೇ ಏದುಸಿರು ಬರುವ ಬೆಟ್ಟಕ್ಕೆ ಅಂದು ಒಂದು ಕಟ್ಟಡವನ್ನು ಹೊತ್ತೊಯ್ದದ್ದನ್ನು ನೆನೆಯಬೇಕು. ಜೀಪಿಲ್ಲ, ದಾರಿಯಿಲ್ಲ. ಆನೆಯೂ ಹುಲಿಯೂ ಇರುವ ಕಾಡಿನಲ್ಲಿ ಮೊದಲು ದಾರಿ ಕಡಿಯಬೇಕು. ಗಾಜಿನ ಕೊಳವೆಯೊಳಗೆ ಪಾದರಸ ತುಂಬಿದ ಬ್ಯಾರೋಮೀಟರ್ ವಾಲಿದರೂ ಕೆಟ್ಟಿತು, ತಾಗಿದರೂ ಒಡೆಯಿತು. ಕಾಂತದ ಸೂಜಿ ಇಡುವ ಕೋಣೆಗೆ ಕಬ್ಬಿಣದ ಮೊಳೆಯೂ ಆಗದು, ಹತ್ತಿರದಲ್ಲಿ ಕಬ್ಬಿಣವಿದ್ದರೆ ಸೂಜಿ ಭೂಮಿಯನ್ನು ಬಿಟ್ಟು ಮೊಳೆಯ ಮಾತು ಕೇಳುತ್ತದೆ. ಕಟ್ಟಿದ ಮೇಲೂ ಮುಗಿಯಲಿಲ್ಲ. ಬೆಟ್ಟದ ಮೇಲೆ ಜನ ಇದ್ದು, ಮೋಡದೊಳಗೆ, ಚಳಿಯೊಳಗೆ, ಹೊತ್ತುಹೊತ್ತಿಗೆ ಅಳತೆ ನೋಡಿ ಬರೆದಿಡಬೇಕು. ಜೂನ್‌ನಲ್ಲಿ ಮುಂಗಾರು, ಅಕ್ಟೋಬರಿನಲ್ಲಿ ಹಿಂಗಾರು ಎರಡೂ ಬಡಿಯುವ ಶಿಖರವದು. ಆಲ್ಪ್ಸ್‌ನಲ್ಲಿ ಸೊಸ್ಸೂರ್ ಎಂಬ ವಿಜ್ಞಾನಿ 1787ರಲ್ಲಿ ಹದಿನೆಂಟು ಮಾರ್ಗದರ್ಶಿಗಳೊಡನೆ ಮಾಂಟ್ ಬ್ಲಾಂಕ್ ಹತ್ತಿ, ತುದಿಯಲ್ಲಿ ಕೆಲವು ಗಂಟೆ ನಿಂತು ಬ್ಯಾರೋಮೀಟರ್ ನೋಡಿ ಇಳಿದರು, ಯುರೋಪೆಲ್ಲ ಹೊಗಳಿತು. ಇಲ್ಲಿ ಹೊತ್ತು ತಂದ ಕೂಲಿಗಳ ಹೆಸರನ್ನು ಯಾರೂ ಕೂಗಿ ಹೇಳಲಿಲ್ಲ.

ಆ ಸೂಜಿಗಳು ಏನು ಹೇಳಿದವು? ಬ್ರೌನ್ ತಮ್ಮ ವರ್ಷಗಳ ಅಳತೆಗಳನ್ನು ಜಗತ್ತಿನ ಬೇರೆ ಊರುಗಳ ಅಳತೆಗಳ ಪಕ್ಕದಲ್ಲಿಟ್ಟು ನೋಡಿದರು. ಭೂಮಿಯ ಕಾಂತಬಲ ದಿನದಿಂದ ದಿನಕ್ಕೆ ಏರುವುದು ಇಳಿಯುವುದು ಎಲ್ಲ ಕಡೆಯೂ ಒಟ್ಟಿಗೇ ಆಗುತ್ತದೆ. ಆ ಏರಿಳಿತದಲ್ಲಿ ಇಪ್ಪತ್ತಾರು ದಿನಗಳ ಒಂದು ಆವರ್ತ ಕಾಣುತ್ತದೆ, ಸೂರ್ಯ ತನ್ನ ಸುತ್ತ ತಾನು ತಿರುಗುವ ಅವಧಿಗೆ ಅದು ಹೊಂದುತ್ತದೆ. ಸೂರ್ಯ ತಿರುಗಿದರೆ ತಿರುವನಂತಪುರದ ಸೂಜಿ ಅಲುಗುತ್ತದೆ ಎಂಬ ತಿಳಿವಳಿಕೆಗೆ ಬ್ರೌನ್ ಅಷ್ಟು ಮುಂಚೆಯೇ ಬಂದಿದ್ದರು. ಬೆಟ್ಟದ ಮೇಲಿನ ಕಟ್ಟಡ ಬಾಳಲಿಲ್ಲ, ಮಳೆಯೂ ಕಾಡೂ ಅದನ್ನು ವಾಪಸು ಪಡೆದವು. 1865ರಲ್ಲಿ ಬ್ರೌನ್ ತಿರುವಾಂಕೂರು ಬಿಟ್ಟರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ದಾರಕ್ಕೆ ಕಟ್ಟಿದ ಕಾಂತದ ಸೂಜಿ ಉತ್ತರದ ದೇಶಗಳಲ್ಲಿ ನೆಲದ ಕಡೆಗೆ ವಾಲುತ್ತದೆ. ಒಂದು ಗೆರೆಯ ಮೇಲೆ ಮಾತ್ರ ಅದು ಅತ್ತಿತ್ತ ವಾಲದೆ ತಕ್ಕಡಿಯ ದಂಡದಂತೆ ಸಮನಾಗಿ ಮಲಗುತ್ತದೆ. ಅದು ಕಾಂತೀಯ ಸಮಭಾಜಕ. ಆ ಗೆರೆ ಹಾಯುವುದು ಈ ದಕ್ಷಿಣ ತುದಿಯಲ್ಲಿ. ಅದರ ನೇರಕ್ಕೆ ಸುಮಾರು ನೂರು ಕಿಲೋಮೀಟರ್ ಮೇಲೆ ಹಗಲು ಹೊತ್ತು ವಿದ್ಯುತ್ತಿನ ಹೊಳೆಯೊಂದು ಹರಿಯುತ್ತದೆ. ಬಲೂನಿಗೆ ಅದು ಎಟುಕದು, ಉಪಗ್ರಹಕ್ಕೆ ತೀರ ಕೆಳಗಾಯಿತು, ರಾಕೆಟ್ಟೇ ಬೇಕು. ವಿಕ್ರಮ್ ಸಾರಾಭಾಯಿ ಮತ್ತು ಸಂಗಡಿಗರು ಉಳ್ಳೂರಿಗೆ ಸಮೀಪದ ತುಂಬಾ ಎಂಬ ಬೆಸ್ತರ ಊರನ್ನು ಆರಿಸಿದ್ದು ಈ ಕಾರಣಕ್ಕೆ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅಗಸ್ತ್ಯಕೂಡದ ಮೇಲೆ ಸೂಜಿ ಇಟ್ಟು ನೂರೆಂಟು ವರ್ಷ ಕಳೆದಿತ್ತು. ತುಂಬಾದ ಚರ್ಚಿನ ಕಟ್ಟಡದಲ್ಲಿ ಶುರುವಾದ ಬಾಹ್ಯಾಕಾಶದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಮೊದಲ ಮೆಟ್ಟಿಲು ಈ ಬೆಟ್ಟದ ಮೇಲಿತ್ತು ಎಂಬುದನ್ನೂ ಸೇರಿಸಿ ಹೇಳಬೇಕೆಂದು ನನ್ನ ಆಸೆ.

ನಾನು ಹತ್ತಿದ್ದು ಒಂದು ಫೆಬ್ರವರಿಯಲ್ಲಿ. ಅರಣ್ಯ ಇಲಾಖೆ ಜನವರಿ ನಡುವಿನಿಂದ ಕೆಲವು ವಾರ ಮಾತ್ರ ದಾರಿ ತೆರೆಯುತ್ತದೆ. ಹಿಂದಿನ ಮಳೆ ಮುಗಿದು, ಮುಂದಿನ ಮಳೆ ಬರುವ ಮೊದಲಿನ ಅವಧಿ. ಹೊರಡುವುದು ಬೋನಕ್ಕಾಡಿನಿಂದ. ಒಂದು ಕಾಲದ ಚಹಾ ತೋಟ, ಈಗ ಪಾಳುಬಿದ್ದ ಕಾರ್ಖಾನೆ, ಸಾಲುಮನೆಗಳಲ್ಲಿ ಉಳಿದುಹೋದ ಕೆಲವು ಕೆಲಸಗಾರರ ಕುಟುಂಬ. ಕಾವಲು ಕಟ್ಟೆಯಲ್ಲಿ ಚೀಲ ತೆರೆದು ಪ್ಲಾಸ್ಟಿಕ್ ತೆಗೆಸುತ್ತಾರೆ. ಆಮೇಲೆ ಹೆಸರು ಹೇಳಿದ ಕೂಡಲೇ ದಾರಿ ತಿಳಿಯುವಂಥ ಜಾಗಗಳು ಒಂದೊಂದಾಗಿ ಬರುತ್ತವೆ. ಕರಮನಯಾರ್, ಉಳ್ಳೂರಿನ ಟ್ಯಾಂಕಿಗೆ ಬರುವ ಹೊಳೆ ಇಲ್ಲಿ ಒಂದು ನೆಗೆತದಷ್ಟು ಅಗಲ. ವಾಳಪ್ಪೈಂದಿಯಾರ್. ಅಟ್ಟಯಾರ್, ಅಟ್ಟ ಎಂದರೆ ಮಲಯಾಳದಲ್ಲಿ ಇಂಬಳ, ಹೆಸರಿಗೆ ತಕ್ಕಂತೆ ಕಾಲಿಗೆ ಹತ್ತುತ್ತವೆ. ಏಳುಮಡಕ್ಕ್ ತೇರಿ, ಏಳು ಮಡಿಕೆಯ ಏರು. ಮುಟ್ಟಿಡಿಚ್ಚಾನ್ ಏರಿನಲ್ಲಿ ಮೊಣಕಾಲು ಎದೆಗೆ ತಾಗುತ್ತದೆ. ಸಂಜೆಗೆ ಅದಿರುಮಲೆಯ ಶಿಬಿರ, ಸುತ್ತ ಆನೆ ಬಾರದಂತೆ ಕಂದಕ, ಒಳಗೆ ಬಿಸಿ ಗಂಜಿ. ಕುಮಾರಪರ್ವತದ ಹಾದಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡವರಿಗೆ ಆ ಗಂಜಿಯ ರುಚಿ ವಿವರಿಸಬೇಕಾಗಿಲ್ಲ.

ನಮ್ಮ ಮುಂದೆ ನಡೆದ ಕಾಣಿ ಐವತ್ತರ ಆಸುಪಾಸಿನವರು. ನಾನು ಚೇಟ್ಟಾ ಎನ್ನುತ್ತಿದ್ದೆ. ಅವರು ಮಾತಿನಲ್ಲಿ ಜಿಪುಣ. ಒಂದು ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ದಾರಿಯಲ್ಲಿ ಆನೆ ಲದ್ದಿ. ಬಗ್ಗಿ, ಒಂದು ಉಂಡೆಯನ್ನು ಕಾಲ್ಬೆರಳಿನಿಂದ ಬಿಡಿಸಿ, ಒಳಗಿನ ಬಿದಿರಿನ ನಾರು ನೋಡಿ, “ನಿನ್ನೆ ಸಂಜೆಯದು, ಕೆಳಗೆ ಹೋಗಿದೆ” ಎಂದು ಮುಂದೆ ನಡೆದರು. ಲದ್ದಿಯ ಮೇಲೆ ಆಗಲೇ ಪುಟ್ಟ ಹಳದಿ ಚಿಟ್ಟೆಗಳು ಕೂತಿದ್ದವು. ನಾವು ಆರು ಜನ ಆ ಉಂಡೆಯನ್ನು ದಾಟಿದ್ದು ಮಾತಿಲ್ಲದೆ.

ಇಂಥದೇ ಒಂದು ನಡಿಗೆಯಿಂದ 1987ರಲ್ಲಿ ದೊಡ್ಡ ಕಥೆಯೊಂದು ಹುಟ್ಟಿತು. ಪಿ. ಪುಷ್ಪಾಂಗದನ್, ಎಸ್. ರಾಜಶೇಖರನ್ ಮೊದಲಾದ ವಿಜ್ಞಾನಿಗಳು ಸಸ್ಯಗಳ ಅಧ್ಯಯನಕ್ಕೆಂದು ಈ ಕಾಡಿಗೆ ಬಂದಿದ್ದರು. ಅವರಿಗೆ ದಣಿವು ಹತ್ತಿತು. ದಾರಿ ತೋರಿಸುತ್ತಿದ್ದ ಕಾಣಿಗಳಿಗೆ ಹತ್ತಲಿಲ್ಲ. ಅವರು ನಡೆಯುತ್ತಾ ಒಂದು ಸಣ್ಣ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ ಮೊದಲು ಹೇಳಲಿಲ್ಲ. ಹೊರಗಿನವರಿಗೆ ಹೇಳುವಂಥದ್ದಲ್ಲ ಅದು. ಕೊನೆಗೆ ವಿಶ್ವಾಸ ಕುದುರಿ ತೋರಿಸಿದರು. ಆ ಗಿಡ ಟ್ರೈಕೋಪಸ್ ಝೈಲಾನಿಕಸ್. ಅದಕ್ಕೆ ಆರೋಗ್ಯಪ್ಪಚ್ಚ ಎಂದು ಹೆಸರಾಯಿತು. ಪಚ್ಚ ನಮ್ಮ ಪಚ್ಚೆಯೇ, ಹಸಿರು. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಅದರಿಂದ ಜೀವನಿ ಎಂಬ ಔಷಧ ಮಾಡಿತು. 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ತಯಾರಿಕೆಯ ಪರವಾನಗಿ ಕೊಟ್ಟಾಗ ಹತ್ತು ಲಕ್ಷ ರೂಪಾಯಿ ಶುಲ್ಕ, ಮೇಲೆ ಶೇಕಡ 2 ರಾಯಧನ. ಅದರಲ್ಲಿ ಅರ್ಧ ಕಾಣಿಗಳಿಗೆ ಎಂದಾಯಿತು. ಹಣ ಪಡೆಯಲು 1997ರಲ್ಲಿ ಕಾಣಿಗಳ ಟ್ರಸ್ಟ್ ನೋಂದಣಿಯಾಯಿತು. ಕಾಡಿನವರ ತಿಳಿವಳಿಕೆಗೆ ಬೆಲೆ ಕಟ್ಟಿ ಕೊಟ್ಟ ಮೊದಮೊದಲ ಉದಾಹರಣೆಗಳಲ್ಲಿ ಒಂದೆಂದು ಜಗತ್ತಿನ ಪಾಠಪುಸ್ತಕಗಳು ಇದನ್ನು ಹೇಳುತ್ತವೆ. ಆದರೆ ತಮ್ಮನ್ನು ಕೇಳದೆ ಗುಟ್ಟು ಬಿಟ್ಟುಕೊಟ್ಟರೆಂದು ಬೇರೆ ಹಾಡಿಗಳ ಕಾಣಿಗಳೂ ಕೆಲವು ಪ್ಲಾತ್ತಿಗಳೂ ನೊಂದುಕೊಂಡರು. ಆ ನೋವನ್ನು ಪಾಠಪುಸ್ತಕಗಳು ಅಷ್ಟು ದೊಡ್ಡದಾಗಿ ಅಚ್ಚು ಹಾಕಿಲ್ಲ.

ಎರಡನೆಯ ದಿನದ ಬೆಳಗ್ಗೆ ಪೊಂಗಾಲಪ್ಪಾರ ಎಂಬ ಹಾಸುಬಂಡೆ ಸಿಗುತ್ತದೆ. ಅಲ್ಲಿಂದ ಮೇಲೆ ಕಾಡು ಬದಲಾಗುತ್ತದೆ. ಕೆಳಗೆ ಕತ್ತೆತ್ತಿ ನೋಡಿದ ಮರಗಳ ಬಳಗವೇ ಇಲ್ಲಿ ಸೊಂಟದೆತ್ತರಕ್ಕೆ ಕುಗ್ಗಿ, ಗಂಟುಗಂಟಾಗಿ, ಒಂದೇ ದಿಕ್ಕಿಗೆ ಬಾಗಿ ನಿಂತಿರುತ್ತದೆ. ಕಾಂಡಕ್ಕೆಲ್ಲ ಪಾಚಿ. ಆಲ್ಪ್ಸ್‌ನಲ್ಲಿ ಸುಮಾರು ಎರಡು ಸಾವಿರ ಮೀಟರ್ ಮೇಲೆ ಮರ ಬೆಳೆಯುವುದಿಲ್ಲ, ಅಲ್ಲಿನ ಚಳಿ ಬಿಡದು. ಸಮಭಾಜಕಕ್ಕೆ ಎಂಟೂವರೆ ಡಿಗ್ರಿ ದೂರದ ಇಲ್ಲಿ ಹಿಮದ ಮಾತೇ ಇಲ್ಲ. ಮರವನ್ನು ಕುಗ್ಗಿಸುವುದು ಗಾಳಿ, ಮತ್ತು ಬಂಡೆಯ ಮೇಲೆ ಗೇಣುದ್ದವೂ ಇಲ್ಲದ ಮಣ್ಣು. ಅರಬ್ಬಿ ಸಮುದ್ರದಿಂದ ಅಡೆತಡೆಯಿಲ್ಲದೆ ಬಂದ ಗಾಳಿ ಮೊದಲು ಬಡಿಯುವ ಗೋಡೆ ಇದು. ಇಂಥ ಗಾಳಿಯಲ್ಲಿ, ಬೇರೆಲ್ಲೂ ಸಿಗದ ಗಿಡಗಳು ಬದುಕಿವೆ. 1865ರಲ್ಲಿ ಕರ್ನಲ್ ಹೀಬರ್ ಡ್ರೂರಿಗೆ ಈ ಬೆಟ್ಟದಲ್ಲಿ ಸಿಕ್ಕ ಹಳದಿ ಪಾದುಕೆಯಂಥ ಸೀತಾಳೆ ಹೂವನ್ನು ಆಸೆಬುರುಕರು ಕಿತ್ತು ಕಿತ್ತು ಬಹುತೇಕ ಬರಿದು ಮಾಡಿದರು. ಅಗಸ್ತ್ಯಮಲೆ 2001ರಲ್ಲಿ ಜೀವಗೋಳ ಸಂರಕ್ಷಿತ ವಲಯವಾಗಿ, 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 2254 ಜಾತಿಯ ಸಸ್ಯಗಳು, ಅವುಗಳಲ್ಲಿ ಸುಮಾರು 400 ಇಲ್ಲಿಗೇ ಸೀಮಿತ ಎಂಬ ಲೆಕ್ಕ ಅದರ ಜೊತೆಗಿದೆ.

ಕೊನೆಯದು ಬರೀ ಬಂಡೆ. ಹಗ್ಗ ಹಿಡಿದು ಹತ್ತಬೇಕು. ಹಗ್ಗಕ್ಕೆ ಕೈ ಹಾಕುವ ಮುಂಚೆ ಚೇಟ್ಟ ಚಪ್ಪಲಿ ಬಿಟ್ಟು, ಜೋಡಿಸಿ, ಒಂದು ಪೊದೆಯ ಬುಡದಲ್ಲಿಟ್ಟರು. ಬಂಡೆ ಜಾರುತ್ತದೆಯೆಂದೋ ಎಂದು ಕೇಳಿದೆ. “ಮೇಲೆ ಅಪ್ಪೂಪ್ಪನ್ ಇದ್ದಾರಲ್ಲ” ಎಂದರು. ಅಪ್ಪೂಪ್ಪನ್ ಎಂದರೆ ಅಜ್ಜ.

ಆ ಅಜ್ಜನ ವಿಷಯಕ್ಕೇ ಈ ಬೆಟ್ಟದ ಇತ್ತೀಚಿನ ದೊಡ್ಡ ಜಗಳ ನಡೆದದ್ದು. ಅಗಸ್ತ್ಯರು ಬ್ರಹ್ಮಚಾರಿ, ಹೆಂಗಸರು ಶಿಖರಕ್ಕೆ ಹೋಗಬಾರದು ಎಂಬುದು ಕಾಣಿಗಳ ನಂಬಿಕೆ. ಅವರ ಹೆಂಗಸರೂ ಹೋಗುತ್ತಿರಲಿಲ್ಲ. ಅರಣ್ಯ ಇಲಾಖೆಯೂ ಚಾರಣಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಮಹಿಳಾ ಸಂಘಟನೆಗಳು ಹೈಕೋರ್ಟಿಗೆ ಹೋದವು. ಹೆಣ್ಣೆಂಬ ಕಾರಣಕ್ಕೆ ತಡೆಯುವಂತಿಲ್ಲ ಎಂದು ಕೇರಳ ಹೈಕೋರ್ಟ್ 2018ರ ನವೆಂಬರ್ 30ರಂದು ತೀರ್ಪು ಕೊಟ್ಟಿತು. ಶಬರಿಮಲೆಯ ತೀರ್ಪು ಬಂದು ಎರಡೇ ತಿಂಗಳಾಗಿತ್ತು, ಇಡೀ ರಾಜ್ಯ ಕುದಿಯುತ್ತಿತ್ತು. 2019ರ ಜನವರಿ 14ರಂದು ದಾರಿ ತೆರೆದಾಗ ಮೊದಲ ತಂಡದಲ್ಲಿ ಹೊರಟವರು ರಕ್ಷಣಾ ಇಲಾಖೆಯ ವಕ್ತಾರೆ ಕೆ. ಧನ್ಯಾ ಸನಲ್. ಬೋನಕ್ಕಾಡಿನಲ್ಲಿ ಕಾಣಿಗಳು ಕೂತು ತಮ್ಮ ಹಾಡು ಹಾಡಿ ಪ್ರತಿಭಟಿಸಿದರು. ಯಾರನ್ನೂ ತಡೆಯಲಿಲ್ಲ, ಕಲ್ಲೆಸೆಯಲಿಲ್ಲ. ಧನ್ಯಾ ಮಾರನೆಯ ದಿನ ತುದಿ ಮುಟ್ಟಿದರು.

ತೀರ್ಪು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕನ್ನಡದ ಕಿವಿಗೆ ಈ ವಾದದಲ್ಲಿ ಇನ್ನೊಂದು ಅಪಸ್ವರವೂ ಕೇಳುತ್ತದೆ. ನಮ್ಮ ಅಗಸ್ತ್ಯರು ಬ್ರಹ್ಮಚಾರಿಯಲ್ಲ. ಲೋಪಾಮುದ್ರೆಯ ಗಂಡ. ಕೊಡಗಿನಲ್ಲಿ ಆ ಲೋಪಾಮುದ್ರೆಯೇ ಕಾವೇರಿ. ಗಂಡ ಕಮಂಡಲದಲ್ಲಿ ಬಿಟ್ಟು ಹೋದನೆಂದು ಮುನಿದು ಹರಿದು ಹೋದವಳು. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯ ಮುಂದೆ ಹೆಂಗಸರೂ ನಿಲ್ಲುತ್ತಾರೆ. ಒಂದೇ ಋಷಿ ಸಹ್ಯಾದ್ರಿಯ ನಡುವಿನಲ್ಲಿ ಸಂಸಾರಿ, ತುದಿಯಲ್ಲಿ ಸಂನ್ಯಾಸಿ. ಯಾವುದು ಸರಿ ಎಂದು ತೀರ್ಮಾನಿಸುವ ಕೆಲಸ ನನ್ನದಲ್ಲ. ಕಾಣಿಗಳ ಬೇಸರವನ್ನು ಹಳೆಯ ಕಾಲದ ಮೂಢತನವೆಂದು ತಳ್ಳಿಬಿಡಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ವೀಕ್ಷಣಾಲಯ ಕಟ್ಟಲೋ ಎಂದು ಅವರನ್ನು ಯಾರೂ ಕೇಳಲಿಲ್ಲ. ಕಾಡನ್ನು ಅಭಯಾರಣ್ಯ ಮಾಡಲೋ ಎಂದು ಕೇಳಲಿಲ್ಲ. ಗಂಡಸರ ಸಾಲು ವರ್ಷವರ್ಷವೂ ಅಜ್ಜನ ತಲೆಯ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡಾಗಲೂ ಕೇಳಲಿಲ್ಲ. ಕೇಳದೇ ಬಂದ ಸಾಲಿನ ಕೊನೆಯಲ್ಲಿ ನಿಂತ ಹೆಂಗಸರ ಮೇಲೆ ಆ ಎಲ್ಲ ಬೇಸರವೂ ಬಿದ್ದದ್ದು ಅನ್ಯಾಯ. ಹೆಂಗಸರನ್ನು ಬಿಡುವುದೂ ಕಾಣಿಗಳನ್ನು ಕೇಳುವುದೂ ಒಟ್ಟಿಗೆ ಆಗಬಹುದಿತ್ತು.

ಕೇರಳದವರು ಒಂದು ಕೆಲಸ ಚೆನ್ನಾಗಿ ಮಾಡಿದ್ದಾರೆ. ದಿನಕ್ಕೆ ನೂರರ ಆಸುಪಾಸು ಜನ, ಮುಂಗಡ ನೋಂದಣಿ, ವೈದ್ಯರ ಪ್ರಮಾಣಪತ್ರ, ತಂಡಕ್ಕೆ ಮಾರ್ಗದರ್ಶಿ ಕಡ್ಡಾಯ. ನಾವು 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂಥ ನೂಕುನುಗ್ಗಲಿನ ಚಿತ್ರ ನೋಡಿ ಗಾಬರಿಯಾದ ಮೇಲೆ ಆನ್‌ಲೈನ್ ನೋಂದಣಿಯ ಮಾತು ಎತ್ತಿದೆವು. ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಆ ಸಾಲು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಶಿಖರದಲ್ಲಿ ಅಗಸ್ತ್ಯರ ವಿಗ್ರಹವಿದೆ, ಮೇಲೆ ಚಾವಣಿಯಿಲ್ಲ. ಮೋಡ ಬಂದು ವಿಗ್ರಹವನ್ನು ಒದ್ದೆ ಮಾಡಿ ಹೋಗುತ್ತದೆ, ಬಿಸಿಲು ಒಣಗಿಸುತ್ತದೆ. ನಾವು ತಲುಪಿದಾಗ ಪಶ್ಚಿಮದಲ್ಲಿ ನೆಯ್ಯಾರ್ ಜಲಾಶಯ ಮಿಂಚಿ ಮುಚ್ಚಿಹೋಯಿತು. ಉಳ್ಳೂರು ಕಾಣುತ್ತದೆಯೇ ಎಂದು ಹುಡುಕಿದೆ, ಕಾಣಲಿಲ್ಲ. ಚೇಟ್ಟ ಹೆಗಲ ಮೇಲಿನ ತೋರ್ತು ತೆಗೆದು ವಿಗ್ರಹದ ಮುಖದ ಮೇಲಿನ ನೀರನ್ನು ಮಕ್ಕಳ ಮೂಗು ಒರೆಸುವ ಹಾಗೆ ಒರೆಸಿ, ತೋರ್ತನ್ನು ಹಿಂಡಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಗಾಳಿ ಜೋರಾಗುವ ಮುಂಚೆ ಇಳಿಯಬೇಕು ಎಂದರು.

ಇಳಿಯುವಾಗ ಅವರೇ ಮಾತು ತೆಗೆದರು. ಓಣಂ ಹತ್ತಿರ ಬಂದಾಗ ತಾವೂ ಒಮ್ಮೆ ತಿರುವನಂತಪುರಕ್ಕೆ ಹೋಗಿದ್ದುಂಟಂತೆ. ಕಾಣಿಗಳು ಕಾಡಿನ ಜೇನು, ಬಾಳೆಗೊನೆ, ಬಿದಿರು ಹೆಣೆದ ಬುಟ್ಟಿಗಳನ್ನು ಹೊತ್ತು ಕವಡಿಯಾರ್ ಅರಮನೆಗೆ ಹೋಗಿ ಒಪ್ಪಿಸಿ, ಅಲ್ಲಿಂದ ಬಟ್ಟೆಬರೆ ಪಡೆದು ಬರುವುದು ಹಳೆಯ ರೂಢಿ. ರಾಜ್ಯ ಹೋದರೂ ಅದು ಉಳಿದಿದೆ. ಕವಡಿಯಾರಿನಿಂದ ಉಳ್ಳೂರಿಗೆ ಎಷ್ಟು ದೂರ ಎಂದು ಕೇಳಿದರು. ಮೂರು ಕಿಲೋಮೀಟರ್ ಇರಬಹುದು ಎಂದೆ. “ಹಾಗಾದರೆ ಮುಂದಿನ ಸಲ ನಡೆದೇ ಬರುತ್ತೇನೆ, ನೀವು ಮುಂದೆ ನಡೆಯಿರಿ” ಎಂದು ಹೇಳಿ, ಪೊದೆಯ ಬುಡದಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡರು.